ಏಜೆನ್ಸಿ ಹಿಡಿಯುವವನ ಲೆಕ್ಕ

ಒಂದು ಕಂಪನಿಯ ಏಜೆನ್ಸಿ ಹಿಡಿಯುವ ಮುನ್ನ ಸಣ್ಣ ಊರಿನ ಡಿಸ್ಟ್ರಿಬ್ಯೂಟರ್ ಏನೇನು ಕೇಳುತ್ತಾನೆ ಎಂಬುದನ್ನು ಕಂಪನಿಯ ಸೇಲ್ಸಿನವನಾಗಿ ಇಪ್ಪತ್ತೆರಡು ವರ್ಷ ಅವನೆದುರು ಕೂತು ನೋಡಿದ್ದೇನೆ. ಗೋಡೌನಿನಲ್ಲಿ ಎಷ್ಟು ದಿನದ ಸ್ಟಾಕ್ ಇಡಬೇಕು? ಅಂಗಡಿಗಳಿಗೆ ಎಷ್ಟು ದಿನ ಉದ್ರಿ ಬಿಡಬೇಕು? ವ್ಯಾನಿನ ಡೀಸೆಲ್ ಯಾರದು, ಹುಡುಗರ ಸಂಬಳ ಯಾರದು? ಡೇಟ್ ಮುಗಿದ ಮಾಲು ವಾಪಸ್ ಎತ್ತುತ್ತೀರಾ? ಶೇಕಡಾ ಐದರ ಆಸುಪಾಸಿನ ಮಾರ್ಜಿನ್ನಿನಲ್ಲಿ ಇಷ್ಟನ್ನೂ ಕಳೆದು, ಹಾಕಿದ ದುಡ್ಡಿಗೆ ವರ್ಷಕ್ಕೆ ಎಷ್ಟು ಗಿಟ್ಟಿತು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ ನೋಡಿದ ಮೇಲೆಯೇ ಅವನು ಚೆಕ್ಕಿಗೆ ಸಹಿ ಹಾಕುವುದು. ಏಳನೇ ಕ್ಲಾಸು ಓದಿದವನೂ ಇದನ್ನು 'ಆರ್‌ಓಐ' ಎಂದೇ ಕರೆಯುತ್ತಾನೆ.

ಆದರೆ ಮಾರಾಟದ ವಿದ್ಯೆ ಕಲಿಸುವ ಪದವಿಗೇ ದುಡ್ಡು ಕಟ್ಟುವಾಗ ನಮ್ಮ ಮನೆಗಳಲ್ಲಿ ಈ ಲೆಕ್ಕ ಹಾಕುವವರು ಕಡಿಮೆ. "ಎಂಬಿಎ ಮಾರ್ಕೆಟಿಂಗ್ ಮಾಡಿಸಿ, ಹಾಕಿದ್ದು ಎರಡು ವರ್ಷದಲ್ಲಿ ವಾಪಸ್ ಬರುತ್ತೆ" ಎಂಬ ಮಾತು ಮದುವೆಮನೆಯಿಂದ ಬ್ಯಾಂಕಿನ ಕೌಂಟರಿನವರೆಗೆ ಎಲ್ಲರ ಬಾಯಲ್ಲೂ ಇದೆ. ಈ ಮಾತು ತಪ್ಪು. ಇದನ್ನು ನಂಬಿ ಸಾಲ ಎತ್ತಿದ ಮನೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿರುವ ನಮ್ಮ ಭಾವ ಹೋದ ವರ್ಷ ಬೆಂಗಳೂರಿನ ಒಂದು ಕಾಲೇಜಿನ ಹೊಳಪು ಪುಸ್ತಿಕೆ ಹಿಡಿದುಕೊಂಡು ಮನೆಗೆ ಬಂದರು. ಅಕ್ಕನ ಮಗ ಬಿ.ಕಾಂ. ಮುಗಿಸಿದ್ದ. "ಫೀಸು ಒಂಬತ್ತು ಲಕ್ಷ. ಆವರೇಜ್ ಪ್ಯಾಕೇಜ್ ಆರು ಲಕ್ಷ. ಒಂದೂವರೆ ವರ್ಷಕ್ಕೆ ತೀರಿತಲ್ಲಪ್ಪಾ" ಅಂದರು. ಮಂಡಿಯಲ್ಲಿ ಕ್ವಿಂಟಾಲ್ ಕೊಬ್ಬರಿಯ ಕಮಿಷನ್ನು, ಹಮಾಲಿ, ತೂಕದ ಕೂಲಿಯನ್ನು ಪೈಸೆಪೈಸೆಗೆ ಬರೆಯುವ ಮನುಷ್ಯ ಅವರು. ಮಗನ ವಿಷಯಕ್ಕೆ ಬಂದಾಗ ಎರಡೇ ಸಾಲಿನಲ್ಲಿ ಲೆಕ್ಕ ಮುಗಿಸಿದ್ದರು.

ಆ ರಾತ್ರಿ ಇಬ್ಬರೂ ಕೂತು ಅದನ್ನು ಮೊದಲಿಂದ ಬರೆದೆವು. ಫೀಸು ಒಂಬತ್ತು. ಪಿ.ಜಿ. ಬಾಡಿಗೆ, ಊಟ, ಓಡಾಟ ಎಂದು ತಿಂಗಳಿಗೆ 13 ಸಾವಿರ ಹಿಡಿದರೆ ಎರಡು ವರ್ಷಕ್ಕೆ ಮೂರು ಲಕ್ಷದ ಮೇಲೆ. ಲ್ಯಾಪ್‌ಟಾಪ್, ಕೋಟು, 'ಇಂಡಸ್ಟ್ರಿಯಲ್ ವಿಸಿಟ್' ಹೆಸರಿನ ವಸೂಲಿ ಎಲ್ಲ ಸೇರಿ ಇನ್ನೊಂದು ಎಂಬತ್ತು ಸಾವಿರ. ಅಲ್ಲಿಗೆ ಸುಮಾರು 13 ಲಕ್ಷ. ಪುಸ್ತಿಕೆಯಲ್ಲಿ ಎಲ್ಲೂ ಕಾಣದ ಕಲಮು ಇನ್ನೊಂದಿದೆ: ಹುಡುಗ ಈ ಎರಡು ವರ್ಷ ದುಡಿಯದೆ ಬಿಟ್ಟ ಸಂಬಳ. ಬಿ.ಕಾಂ. ಆದವನಿಗೆ ಫೀಲ್ಡ್ ಸೇಲ್ಸಿನಲ್ಲಿ 18 ಸಾವಿರವೆಂದು ಬಿಗಿಯಾಗಿ ಹಿಡಿದರೂ 4 ಲಕ್ಷ 32 ಸಾವಿರ. ಪದವಿಯ ನಿಜವಾದ ಬೆಲೆ 17 ಲಕ್ಷ ದಾಟಿತು.

ಇದರಲ್ಲಿ 10 ಲಕ್ಷಕ್ಕೆ ಸಾಲ. ಏಳೂವರೆ ಲಕ್ಷ ದಾಟಿದ ವಿದ್ಯಾಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ, ಹಾಗಾಗಿ ಭಾವ ತಿಪಟೂರಿನ ಸೈಟಿನ ಪತ್ರ ತೆಗೆದಿಟ್ಟಿದ್ದರು. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂಬುದನ್ನು ಜನ ಬಡ್ಡಿಯೇ ಇಲ್ಲ ಎಂದು ತಿಳಿಯುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಶೇಕಡಾ 11ರಂತೆ, ವರ್ಷಕ್ಕೆ ಐದೈದು ಲಕ್ಷ ಬಿಡುಗಡೆಯಾದರೆ, ಮೊದಲ ಕಂತು ಬರುವ ಹೊತ್ತಿಗೆ ಬಡ್ಡಿಯೇ 2 ಲಕ್ಷ 75 ಸಾವಿರ. ಅಸಲಿಗೆ ಅದು ಸೇರಿ ಏಳು ವರ್ಷದ ಕಂತು ಕಟ್ಟಿದರೆ ತಿಂಗಳಿಗೆ ಸುಮಾರು 21,800 ರೂಪಾಯಿ. ಕೊನೆಗೆ ಬ್ಯಾಂಕಿಗೆ ಹೋಗುವುದು 18 ಲಕ್ಷದ ಮೇಲೆ. ಬಡ್ಡಿಯ ಮೇಲೆ 80ಇ ಕಲಮಿನ ತೆರಿಗೆ ವಿನಾಯಿತಿ ಇದೆ ಅನ್ನುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಅದೂ ತೆರಿಗೆ ಕಟ್ಟುವಷ್ಟು ಸಂಬಳ ಇದ್ದವರಿಗೆ.

ಇನ್ನು ಆರು ಲಕ್ಷದ ಪ್ಯಾಕೇಜ್. ಸೇಲ್ಸಿನ ಕೆಲಸದಲ್ಲಿ ಇದರ ಕಾಲು ಭಾಗ 'ವೇರಿಯಬಲ್', ಟಾರ್ಗೆಟ್ ಮುಟ್ಟಿದರೆ ಮಾತ್ರ ಕೈಗೆ ಬರುವ ದುಡ್ಡು. ಉಳಿದ ನಾಲ್ಕೂವರೆ ಲಕ್ಷದಲ್ಲಿ ಕಂಪನಿ ತನ್ನ ಪಾಲಿನ ಪಿ.ಎಫ್., ಐದು ವರ್ಷ ಇದ್ದರೆ ಸಿಗಬಹುದಾದ ಗ್ರಾಚ್ಯುಟಿ, ವಿಮೆಯ ಪ್ರೀಮಿಯಂ ಎಲ್ಲವನ್ನೂ ಸಂಬಳವೆಂದೇ ಎಣಿಸಿರುತ್ತದೆ. ಆಮೇಲೆ ಹುಡುಗನ ಪಾಲಿನ ಪಿ.ಎಫ್., 200 ರೂಪಾಯಿ ವೃತ್ತಿ ತೆರಿಗೆ. ಖಾತೆಗೆ ಬೀಳುವುದು 31 ಸಾವಿರದ ಆಸುಪಾಸು. ಅದರಲ್ಲಿ ಕಂತು ಕಳೆದರೆ ಉಳಿಯುವ ಒಂಬತ್ತು ಸಾವಿರ ಚಿಲ್ಲರೆಯಲ್ಲಿ ಬೆಂಗಳೂರಿನಲ್ಲಿ ಬಾಡಿಗೆ, ಊಟ, ಪೆಟ್ರೋಲು. ಈ ಸಾಲನ್ನು ಬರೆದಾಗ ಭಾವ ಪೆನ್ನು ಕೆಳಗಿಟ್ಟರು.

ಆದರೂ ಇದು ಕಡೆಯ ಸಾಲಲ್ಲ. ಎಲ್ಲರೂ ಎಡವುವುದು ಮುಂದಿನ ಸಾಲಿನಲ್ಲಿ. ಪದವಿಯ ಸಂಪಾದನೆ ಆರು ಲಕ್ಷ ಅಲ್ಲವೇ ಅಲ್ಲ. ಪದವಿ ಇಲ್ಲದೆ ಅವನು ಎಷ್ಟು ದುಡಿಯುತ್ತಿದ್ದ, ಪದವಿಯಿಂದ ಎಷ್ಟು ಹೆಚ್ಚಾಯಿತು ಎಂಬ ವ್ಯತ್ಯಾಸವಷ್ಟೇ ಪದವಿಯ ಸಂಪಾದನೆ. ಎರಡು ವರ್ಷ 'ಬೀಟ್' (ಗೊತ್ತುಪಡಿಸಿದ ಅಂಗಡಿಗಳ ಸುತ್ತು) ಸುತ್ತಿ, ಒಂದು ಕಂಪನಿ ಬದಲಾಯಿಸಿದ ಬಿ.ಕಾಂ. ಹುಡುಗ ಆ ಹೊತ್ತಿಗೆ 24-25 ಸಾವಿರ ಎಣಿಸುತ್ತಿರುತ್ತಾನೆ. ವ್ಯತ್ಯಾಸ ಆರೇಳು ಸಾವಿರ. ಆರೇಳು ಸಾವಿರ ಹೆಚ್ಚಿಗೆ ತರಲು 21,800ರ ಕಂತು ಹೊರುವ ಏಜೆನ್ಸಿಯನ್ನು ನನಗೆ ಗೊತ್ತಿರುವ ಯಾವ ಡಿಸ್ಟ್ರಿಬ್ಯೂಟರನೂ ಹಿಡಿಯಲಾರ.

ವ್ಯತ್ಯಾಸ ಇಷ್ಟು ಸಣ್ಣದಾಗಲು ಕಾರಣವಿದೆ. ಪುಸ್ತಿಕೆಯಲ್ಲಿ ಬ್ರ್ಯಾಂಡ್ ಮ್ಯಾನೇಜರ್, ಜಾಹೀರಾತು, ಮಾರುಕಟ್ಟೆ ಸಂಶೋಧನೆ ಎಂದಿರುತ್ತದೆ. ಕ್ಯಾಂಪಸ್ಸಿಗೆ ಬರುವ ಕೆಲಸದ ಹೆಸರು 'ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್'. ಬ್ಯಾಂಕಿಗೆ ಖಾತೆ ತೆರೆಸುವುದು, ವಿಮೆ ಮಾಡಿಸುವುದು, ಲೇಔಟಿನ ಸೈಟು ತೋರಿಸುವುದು, ಕೋರ್ಸು ಮಾರಲು ದಿನವಿಡೀ ಫೋನ್ ಹಚ್ಚುವುದು. ಇದೇ ಕೆಲಸಗಳ ಪತ್ರಿಕಾ ಜಾಹೀರಾತು ನೋಡಿ: ಯಾವುದೇ ಪದವಿ ಸಾಕು, ಎಂಬಿಎ ಇದ್ದವರಿಗೆ ಆದ್ಯತೆ. ಆದ್ಯತೆ ಎಂಬ ಆ ಒಂದು ಪದವನ್ನು ಹದಿನೇಳು ಲಕ್ಷಕ್ಕೆ ಕೊಳ್ಳುತ್ತಿದ್ದೇವೆ. ನಾನು ತಂಡ ನಡೆಸಿದ ವರ್ಷಗಳಲ್ಲಿ ಬಿ.ಎ. ಓದಿದವನೂ ಎಂಬಿಎ ಓದಿದವನೂ ಒಂದೇ ಟಾರ್ಗೆಟ್ ಹೊತ್ತು ಒಂದೇ ಊರು ಸುತ್ತಿದರು. ತಿಂಗಳ ಕೊನೆಯ ಇನ್ಸೆಂಟಿವ್ ಶೀಟಿನಲ್ಲಿ ಪದವಿಗೆ ಕಾಲಂ ಇರಲಿಲ್ಲ. ಹಿರಿಯೂರಿನ ಅಂಗಡಿಯವರ ಬಾಕಿಯನ್ನು ಜಗಳವಿಲ್ಲದೆ ವಸೂಲು ಮಾಡುತ್ತಿದ್ದವನು, ಮಾರ್ಚ್ 31ರ ಒತ್ತಡಕ್ಕೆ ಸ್ಟಾಕ್ ತುರುಕದೆ ಏಪ್ರಿಲ್‌ನಲ್ಲೂ ಆರ್ಡರ್ ತರುತ್ತಿದ್ದವನು, ಅವನೇ ಮೇಲಿರುತ್ತಿದ್ದ. ಕೆಲವು ಸಲ ಅವನು ಎಂಬಿಎ ಆಗಿರುತ್ತಿದ್ದ, ಕೆಲವು ಸಲ ಅಲ್ಲ.

ಹಾಗೆಂದು ಪದವಿಯೇ ದಂಡ ಅನ್ನುವ ಇನ್ನೊಂದು ಗುಂಪಿನ ಜೊತೆ ನಾನು ನಿಲ್ಲುವುದಿಲ್ಲ. ಅವರು ಕೂಡಲೇ ನಿರ್ಮಾದ ಕಥೆ ತೆಗೆಯುತ್ತಾರೆ: 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಸೈಕಲ್ಲಿನ ಮೇಲೆ ಮನೆಮನೆಗೆ ಬಟ್ಟೆ ಒಗೆಯುವ ಪೌಡರ್ ಮಾರಿದರು, ಯಾವ ಎಂಬಿಎ ಇತ್ತು ಅವರಿಗೆ? ಸೈಕಲ್ ತುಳಿದು ಮುಳುಗಿಹೋದವರ ಹೆಸರು ಯಾರಿಗೂ ಗೊತ್ತಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಅದೇ ಕರ್ಸನ್‌ಭಾಯಿ ಮುಂದೆ ಕಟ್ಟಿದ ನಿರ್ಮಾ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣವೂ ಇದೆ. ಪದವಿ ಕೆಲವು ಬಾಗಿಲು ತೆರೆಯುವುದು ನಿಜ. ಹಲವು ದೊಡ್ಡ ಕಂಪನಿಗಳಲ್ಲಿ ಏರಿಯಾ ಮ್ಯಾನೇಜರ್ ಹುದ್ದೆಯಿಂದಾಚೆಗೆ ಎಂಬಿಎ ಇಲ್ಲದವನ ದಾರಿ ಕಿರಿದಾಗುತ್ತದೆ. ಹತ್ತು ವರ್ಷ ಚೆನ್ನಾಗಿ ದುಡಿದವನೊಬ್ಬ ಅಲ್ಲಿ ನಿಂತುಬಿಟ್ಟದ್ದನ್ನು ನೋಡಿ ನೊಂದಿದ್ದೇನೆ. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂನ ಎರಡು ವರ್ಷದ ಫೀಸು ಇವತ್ತು 24 ಲಕ್ಷ ದಾಟಿದೆ, ಆದರೂ ಅಲ್ಲಿಯ ಲೆಕ್ಕವೇ ಬೇರೆ. ಹಿಂದೂಸ್ತಾನ್ ಯೂನಿಲಿವರ್‌ನಂಥ ಕಂಪನಿಗಳು ಟ್ರೈನಿಗಳನ್ನು ಹುಡುಕಿಕೊಂಡು ಹೋಗುವುದು ಅಂಥ ಬೆರಳೆಣಿಕೆಯ ಕ್ಯಾಂಪಸ್ಸುಗಳಿಗೆ. ಅಲ್ಲಿಂದ ಆರಿಸಿ ತಂದವರನ್ನೂ ಅವು ಮೊದಲು ಮಾರುಕಟ್ಟೆಗೆ, ಹಳ್ಳಿಗೆ ಕಳಿಸುತ್ತವೆ. ಆ ಕ್ಯಾಂಪಸ್ಸುಗಳ ಸಂಬಳವನ್ನು ತೋರಿಸಿ ಉಳಿದ ನೂರಾರು ಕಾಲೇಜುಗಳ ಸೀಟು ತುಂಬಿಸುವುದು ನನಗೆ ಸಿಟ್ಟು ತರಿಸುವ ಸಂಗತಿ.

ಪದವಿಯ ಪಾಠವೂ ವ್ಯರ್ಥವಲ್ಲ. 1960ರಲ್ಲಿ ಮೆಕಾರ್ತಿ ಕೊಟ್ಟ ಮಾರ್ಕೆಟಿಂಗಿನ ನಾಲ್ಕು 'ಪಿ'ಗಳನ್ನಾಗಲಿ, 1967ರಿಂದ ಅಚ್ಚಾಗುತ್ತಲೇ ಇರುವ ಕಾಟ್ಲರ್‌ನ ಮಾರ್ಕೆಟಿಂಗ್ ಪಠ್ಯಪುಸ್ತಕವನ್ನಾಗಲಿ ನಾನು ಗೌರವದಿಂದಲೇ ಓದಿದ್ದೇನೆ. ಓದಿದ್ದು ಆರು ವರ್ಷ ಮಾರುಕಟ್ಟೆ ಸುತ್ತಿದ ಮೇಲೆ. ಬೆಲೆ ಇಳಿಸಿದರೆ ಮಾಲು ಯಾಕೆ ನಿಂತುಹೋಗಬಹುದು ಎಂಬ ಅಧ್ಯಾಯ ಬಂದಾಗ ನನಗೆ ಚಳ್ಳಕೆರೆಯ ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ಮುಖ ನೆನಪಾಯಿತು. ಸ್ಕೀಮ್ ಕೊಟ್ಟಾಗಲೆಲ್ಲ "ಮುಂದಿನ ವಾರ ಇನ್ನೂ ಇಳಿಸ್ತೀರಿ ಬಿಡಿ" ಎಂದು ಆರ್ಡರ್ ತಡೆಹಿಡಿಯುತ್ತಿದ್ದ. ಇಪ್ಪತ್ತೊಂದರ ಹುಡುಗನಿಗೆ ಅದೇ ಅಧ್ಯಾಯ ಪರೀಕ್ಷೆಗೆ ಉರುಹೊಡೆಯುವ ಐದು ಅಂಶ.

ಹಾಗಾಗಿ ನನ್ನ ವಾದ ಕ್ರಮದ ಬಗ್ಗೆ ಮತ್ತು ಬೆಲೆಯ ಬಗ್ಗೆ. ಮೊದಲು ಎರಡು ವರ್ಷ ಮಾರಾಟ ಮಾಡಲಿ. ಈ ಕೆಲಸ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದು ಸಂಬಳ ಪಡೆಯುತ್ತಲೇ ಗೊತ್ತಾಗುತ್ತದೆ; ಒಗ್ಗದಿದ್ದರೆ ಉಳಿಯುವುದು ಹದಿನೇಳು ಲಕ್ಷ. ಒಗ್ಗಿದರೆ ಆಗ ಓದಲಿ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಮೈಸೂರಿನ ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಯಂಥ ವಿಶ್ವವಿದ್ಯಾಲಯದ ವಿಭಾಗಗಳಲ್ಲೇ ಎಂಬಿಎ ಮಾಡಬಹುದು, ಅಲ್ಲಿಯ ಸರ್ಕಾರಿ ಸೀಟಿನ ಫೀಸು ಖಾಸಗಿ ಕಾಲೇಜಿನ ಫೀಸಿನ ಒಂದು ಸಣ್ಣ ಪಾಲು. ಕೆಲಸ ಬಿಡಲಾಗದವರಿಗೆ ಇಗ್ನೋದ ದೂರಶಿಕ್ಷಣವಿದೆ. ಏರಿಯಾ ಮ್ಯಾನೇಜರ್ ಬಾಗಿಲಲ್ಲಿ ಪ್ರಮಾಣಪತ್ರ ಕೇಳಿದಾಗ ಇವೂ ಎಂಬಿಎಯೇ.

ಇಷ್ಟಾದರೂ ಖಾಸಗಿ ಕಾಲೇಜೇ ಬೇಕೆನ್ನುವವರು 'ಆವರೇಜ್' ಕೇಳಬಾರದು. ಹತ್ತು ಮಂದಿಯಲ್ಲಿ ಒಬ್ಬನಿಗೆ 20 ಲಕ್ಷ, ಒಂಬತ್ತು ಮಂದಿಗೆ ನಾಲ್ಕು ನಾಲ್ಕು ಲಕ್ಷ ಬಂದರೆ ಸರಾಸರಿ 5.6 ಲಕ್ಷ; ಆ ಸಂಬಳ ಆ ಹತ್ತರಲ್ಲಿ ಒಬ್ಬರಿಗೂ ಇಲ್ಲ. ಕೆಲಸ ಸಿಗದವರನ್ನಂತೂ ಅನೇಕ ಕಡೆ ಎಣಿಸುವುದೇ ಇಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಕಾಲೇಜುಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಾಂಕ ಎಷ್ಟು ಎಂದು ಬರೆದುಕೊಡಬೇಕು, ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮಧ್ಯಾಂಕವೆಂದರೆ ಸಂಬಳದ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತವನ ಸಂಬಳ. ನಿಮ್ಮ ಮಗ ಬಹುಶಃ ಅವನ ಅಕ್ಕಪಕ್ಕದಲ್ಲೇ ನಿಲ್ಲುತ್ತಾನೆ.

ಏಜೆನ್ಸಿ ಹಿಡಿಯುವವನು ಇನ್ನೂ ಒಂದು ಕೆಲಸ ಮಾಡುತ್ತಾನೆ. ಕಂಪನಿ ತೋರಿಸುವ ದೊಡ್ಡ ಡಿಸ್ಟ್ರಿಬ್ಯೂಟರನ ಮಾತು ಕೇಳಿ ಸುಮ್ಮನಾಗದೆ, ಪಕ್ಕದ ತಾಲ್ಲೂಕಿನಲ್ಲಿ ಅದೇ ಏಜೆನ್ಸಿ ಬಿಟ್ಟವನನ್ನು ಹುಡುಕಿ ಚಹಾ ಕುಡಿಸುತ್ತಾನೆ. ಅಕ್ಕನ ಮಗನಿಗೂ ಅದನ್ನೇ ಹೇಳಿದೆ. ಆ ಕಾಲೇಜಿನಲ್ಲಿ ಎರಡು ವರ್ಷದ ಹಿಂದೆ ಓದು ಮುಗಿಸಿದ ನಾಲ್ವರನ್ನು ಅವನೇ ಪತ್ತೆ ಹಚ್ಚಿ ಫೋನ್ ಮಾಡಿದ. ಒಬ್ಬ ಚೆನ್ನಾಗಿದ್ದಾನೆ, ಪುಣೆಯಲ್ಲಿ. ಇಬ್ಬರು ಮೊದಲ ಕೆಲಸವನ್ನು ಆರು ತಿಂಗಳೊಳಗೆ ಬಿಟ್ಟಿದ್ದರು. ನಾಲ್ಕನೆಯ ಹುಡುಗಿ ಹೇಳಿದ್ದನ್ನು ಅವನು ನನಗೆ ಹಾಗೆಯೇ ಒಪ್ಪಿಸಿದ: "ಮಾವ, ಅವಳ ಪಕ್ಕದ ಕುರ್ಚಿಯವನು ಬಿ.ಎ. ಅಂತೆ. ಕೆಲಸವನ್ನ ಅವನೇ ಕಲಿಸಿಕೊಟ್ಟನಂತೆ."

ಈಗ ಅವನು ತುಮಕೂರಿನಲ್ಲಿ ಬಿಸ್ಕತ್ತಿನ ಬೀಟ್ ಸುತ್ತುತ್ತಿದ್ದಾನೆ, ಬೈಕು ಅವನ ದುಡ್ಡಿನದೇ. ಮುಂದಿನ ಸಲದ ಪಿಜಿಸಿಇಟಿಗೆ ರಾತ್ರಿ ಒಂದು ಗಂಟೆ ಓದುತ್ತಾನೆ. ಭಾವನಿಗೆ ಇನ್ನೂ ಸಮಾಧಾನವಿಲ್ಲ, ನೆಂಟರು ಕೇಳಿದಾಗ "ಸದ್ಯಕ್ಕೆ ಕೆಲಸದಲ್ಲಿದ್ದಾನೆ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಸೈಟಿನ ಪತ್ರ ಬೀರುವಿನಲ್ಲಿದೆ.