ಹೋಯಿಚಿಯ ಕಿವಿಗಳು

ಜಪಾನಿನಲ್ಲಿ ದೇವಾಲಯದಿಂದ ತಂದ ‘ಓಫುದಾ’ ಎಂಬ ಅಕ್ಷರಪತ್ರವನ್ನು ಮನೆಯಲ್ಲಿಟ್ಟು ರಕ್ಷೆ ಬೇಡುವರು. ಸೆತ್ಸುಬುನ್ ದಿನದಂದು ಹುರಿದ ಸೋಯಾ ಕಾಳನ್ನು ಎರಚಿ ಭೂತಗಳನ್ನು ಹೊರಗಟ್ಟುವರು. ಇಂತಹ ಆಚಾರಗಳ ಪಟ್ಟಿ ಪ್ರವಾಸಗ್ರಂಥಗಳಲ್ಲಿ ಬೇಕಾದಷ್ಟಿದೆ. ಬರೆದ ಅಕ್ಷರವು ಮನುಷ್ಯನನ್ನು ಹೇಗೆ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಅರಿಯಬೇಕಾದರೆ ಲಾಫ್ಕೇಡಿಯೊ ಹರ್ನನ ‘ಕಿವಿಯಿಲ್ಲದ ಹೋಯಿಚಿ’ಯನ್ನು ಓದಬೇಕು. 1904ರ ‘ಕ್ವೈದಾನ್’ ಸಂಗ್ರಹದ ಮೊದಲ ಕಥೆಯಿದು; ಇದರ ಆಕರ 1782ರ ‘ಗಾಯು ಕಿದಾನ್’.

1185ರಲ್ಲಿ ದಾನ್-ನೊ-ಉರಾ ಎಂಬಲ್ಲಿ ನಡೆದ ಕಡಲಕಾಳಗದಲ್ಲಿ ಹೈಕೆ ಕುಲವು ಬಾಲಚಕ್ರವರ್ತಿ ಅಂತೊಕುವಿನೊಡನೆ ಅಳಿಯಿತು. ಆ ಕಥೆಯನ್ನು ಬಿವಾ ವಾದ್ಯ ನುಡಿಸುತ್ತ ಹಾಡುವ ಕುರುಡ ಗಾಯಕ ಹೋಯಿಚಿ. ಅವನ ವಾಸ ಬೌದ್ಧವಿಹಾರದಲ್ಲಿ. ಹೈಕೆ ಯೋಧನೊಬ್ಬನ ಪ್ರೇತವು ರಾತ್ರಿ ಬಂದು ಅವನನ್ನು ಕರೆದೊಯ್ಯುತ್ತದೆ. ಅರಮನೆಯೆಂದು ನಂಬಿ ಅವನು ಸ್ಮಶಾನದಲ್ಲಿ ಹಾಡುತ್ತಾನೆ. ಸಂಗತಿ ತಿಳಿದ ಭಿಕ್ಷುವು ಶಿಷ್ಯನೊಡಗೂಡಿ ಅವನ ಮೈತುಂಬ ಪ್ರಜ್ಞಾಪಾರಮಿತಾಹೃದಯಸೂತ್ರವನ್ನು ಕುಂಚದಿಂದ ಬರೆದು, ಯಾರು ಕರೆದರೂ ಓಗೊಡಬೇಡವೆಂದು ಎಚ್ಚರಿಸುತ್ತಾನೆ. ಮರೆತದ್ದು ಕಿವಿಗಳನ್ನು. ಪ್ರೇತದ ಕಣ್ಣಿಗೆ ಬಿವಾ ಮತ್ತು ಎರಡು ಕಿವಿಗಳಷ್ಟೇ ಬೀಳುತ್ತವೆ. ಅದು ಆ ಕಿವಿಗಳನ್ನು ಕಿತ್ತೊಯ್ಯುತ್ತದೆ.

ಇದನ್ನು ಶಿಷ್ಯನ ಅಜಾಗರೂಕತೆಯ ಕಥೆಯೆಂದು ಓದುವುದು ಸುಲಭ. ಕಥೆಯೊಳಗಿನ ಭಿಕ್ಷುವೂ ಹಾಗೆಯೇ ಹೇಳಿ ಮರುಗುತ್ತಾನೆ. ನನಗೆ ಅಷ್ಟು ಸಾಲದು. ರಕ್ಷೆ ವಿಫಲವಾಗಲಿಲ್ಲ, ಬರೆದೆಡೆಯಲ್ಲೆಲ್ಲ ಅದು ಫಲಿಸಿತು. ಆದರೆ ಕುರುಡನ ಪಾಲಿಗೆ ಲೋಕದ ಬಾಗಿಲು ಕಿವಿ. ಪ್ರೇತವು ಮೊದಲು ಅವನನ್ನು ಮುಟ್ಟಿದ್ದೂ ಕರೆಯುವ ದನಿಯಿಂದಲೇ. ಕಣ್ಣುಳ್ಳವರಿಬ್ಬರು ಅಂಗಾಲನ್ನೂ ಬಿಡದೆ ಬರೆದರು, ಆ ಬಾಗಿಲನ್ನು ತೆರೆದಿಟ್ಟರು. ಇನ್ನೂ ಒಂದು ಸೂಕ್ಷ್ಮವುಂಟು. ರೂಪವು ಶೂನ್ಯವೆಂದೂ ಕಣ್ಣು ಕಿವಿ ಮೊದಲಾದ ಇಂದ್ರಿಯಗಳು ಇಲ್ಲವೆಂದೂ ಸಾರುವ ಸೂತ್ರವಿದು. ಕಿವಿಯನ್ನು ಅಲ್ಲಗಳೆಯುವ ಮಾತು ಅವನ ಮೈಮೇಲೆ ಎಲ್ಲೋ ಇದ್ದೇ ಇತ್ತು, ಕಿವಿಯ ಮೇಲೆ ಇರಲಿಲ್ಲ. ಕಾದದ್ದು ಮಸಿ, ಅರ್ಥವಲ್ಲ. ಸೂತ್ರದ ಈ ತಾತ್ಪರ್ಯವನ್ನು ಹರ್ನನು ಅಡಿಟಿಪ್ಪಣಿಯಲ್ಲಿ ಇರಿಸಿದ್ದಾನೆ; ಅವಸರದ ಓದುಗನಿಗೆ ಅರ್ಧ ಕಥೆ ಅಲ್ಲಿಯೇ ತಪ್ಪಿಹೋಗುತ್ತದೆ.

ಮುಕ್ತಾಯವೂ ತೃಪ್ತಿಕರವಾಗಿಲ್ಲ. ಗಾಯ ಮಾಯಿತು, ಕುಲೀನರು ಕೇಳಬಂದರು, ಹೋಯಿಚಿ ಧನಿಕನಾದನು ಎಂದು ಹರ್ನನು ನಾಲ್ಕು ಮಾತಿನಲ್ಲಿ ಮುಗಿಸುತ್ತಾನೆ. ಎಳೆಯ ಪ್ರಾಯದಲ್ಲೇ ಒಂದು ಕಣ್ಣನ್ನು ಕಳೆದುಕೊಂಡು, ಪತ್ನಿ ಸೆತ್ಸು ಹೇಳಿದ ಕಥೆಗಳನ್ನು ಕಿವಿಯಾರೆ ಕೇಳಿ ಬರೆದ ಈ ಲೇಖಕನಿಂದ ಇನ್ನಷ್ಟನ್ನು ನಿರೀಕ್ಷಿಸುವುದು ಅನ್ಯಾಯವಲ್ಲ. ಹಿಂದೆ ಕರೆದವರು ಯಾರೆಂದು ತಿಳಿದ ಮೇಲೂ ಹೋಯಿಚಿ ಅದೇ ಕಡಲಕಾಳಗವನ್ನು ಹಾಡಿದನೇ, ಹೊಸ ಶ್ರೋತೃಗಳ ದನಿಯನ್ನು ನಂಬಿದನೇ ಎಂಬುದರ ಪ್ರಸ್ತಾಪವೇ ಇಲ್ಲ.