ಕನ್ನಡಿಗೆ ಒಪ್ಪಿದ ಬೂಟು

ಐವತ್ತು ದಾಟಿದ ಮೇಲೆ ನಾನು ಬೂಟು ಹಾಕಿದೆನೆಂದರೆ ನಮ್ಮ ಓಣಿಯಲ್ಲಿ ಅದೊಂದು ಸುದ್ದಿಯೇ. ಹಿಮ್ಮಡಿ ನೋವಿಗೆ ಡಾಕ್ಟರು, "ಆ ತೆಳ್ಳನೆಯ ಚಪ್ಪಲಿ ಬಿಡಿ" ಅಂದರು. ಮಗಳಿಗೆ ಅಷ್ಟೇ ಸಾಕಾಯಿತು. ಕಾಲಿನ ಗಿಣ್ಣಿಗಿಂತ ಕೆಳಗೇ ನಿಲ್ಲುವ ಬಿಳಿಯ ಸ್ನೀಕರ್ ಒಂದು ಜೊತೆ ತರಿಸಿಯೇಬಿಟ್ಟಳು. "ಸೀರೆಗೂ ಒಪ್ಪುತ್ತಮ್ಮಾ, ಈಗ ಎಲ್ಲರೂ ಹಾಕ್ತಾರೆ" ಅಂತ ಸಮಾಧಾನ ಬೇರೆ.

ಒಪ್ಪಿತು, ಸುಳ್ಳೇಕೆ ಹೇಳಲಿ? ಆದರೆ ಕನ್ನಡಿಗೆ ಒಪ್ಪಿದ್ದು ಕಾಲಿಗೆ ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಕಿರುಬೆರಳು ಕೆಂಪಾಗಿತ್ತು, ಹಿಮ್ಮಡಿಯ ನೋವು ಇದ್ದಲ್ಲೇ ಇತ್ತು.

ಈ ಬೂಟುಗಳ ವಂಶವೃತ್ತಾಂತ ಕೇಳಿದರೆ ಕಾರಣ ತಿಳಿಯುತ್ತದೆ. ಇವು ಆಟದ ಅಂಗಳದಿಂದ ಬಂದವು. ಅಮೆರಿಕದ ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ 1917ರಲ್ಲಿ ಬಂದಾಗ ಗಿಣ್ಣು ಮುಚ್ಚುವ ಕ್ಯಾನ್ವಾಸ್ ಬೂಟು. ಬಾಸ್ಕೆಟ್‌ಬಾಲ್ ಆಟಗಾರರಿಂದ ಹೆಸರಾಯಿತು. ಗಿಣ್ಣು ಬಿಟ್ಟ ತಗ್ಗು ಮಾದರಿ ಬಂದದ್ದು 1957ರಲ್ಲಿ. ಅಡಿಡಾಸ್‌ನ ಬಿಳಿ ಬೂಟು ಇಂದಿಗೂ ಟೆನಿಸ್ ಆಟಗಾರ ಸ್ಟಾನ್ ಸ್ಮಿತ್‌ರ ಹೆಸರನ್ನೇ ಹೊತ್ತಿದೆ. ಆಟ ಬಿಟ್ಟು ಬೀದಿಗಿಳಿದ ಇಂಥ ಬೂಟುಗಳಲ್ಲಿ ಎಷ್ಟೋ ಕಡೆ ಆ ಚಪ್ಪಟೆ ಅಟ್ಟೆ ಹಾಗೇ ಉಳಿಯಿತು. ದಿನವಿಡೀ ನಿಂತು ಅಡಿಗೆ ಮಾಡುವ, ಪಾಠ ಹೇಳುವ ಹೆಂಗಸಿನ ಹಿಮ್ಮಡಿಯ ಕಷ್ಟ ಅದಕ್ಕೇನು ಗೊತ್ತು? "ಇಬ್ಬರಿಗೂ ಆಗುತ್ತದೆ" ಎನ್ನುವ ಎಷ್ಟೋ ಬೂಟುಗಳು ಗಂಡುಕಾಲಿನ ಅಚ್ಚಿನವು; ಬೆರಳ ಕಡೆ ಸರಿಹೋದರೆ ಹಿಂದೆ ಜಾರುತ್ತವೆ.

ಇನ್ನೊಂದು ತೊಡಕು ನಮ್ಮ ಹೊಸ್ತಿಲು. ಗುಡಿ, ಅರಿಶಿನ-ಕುಂಕುಮ, ಪಕ್ಕದ ಮನೆ, ಎಲ್ಲೆಡೆಯೂ ಬಿಚ್ಚಬೇಕು. ಸೆರಗು ಸಾವರಿಸಿಕೊಂಡು ಬಗ್ಗಿ ಲೇಸು ಬಿಚ್ಚುವಷ್ಟರಲ್ಲಿ ಆರತಿ ಮುಗಿದಿರುತ್ತದೆ. ಬಿಚ್ಚದೆ ಹಿಂಬದಿ ತುಳಿದು ಮೆಟ್ಟಿದರೆ ಹಿಮ್ಮಡಿಗಿದ್ದ ಆಸರೆಯೂ ಹೋಯಿತು.

ಎರಡನೆಯ ಜೊತೆಗೆ ನಾನೇ ಅಂಗಡಿಗೆ ಹೋದೆ, ಅದೂ ಸಂಜೆ, ಕಾಲು ತುಸು ಊದಿರುವ ಹೊತ್ತಿಗೆ. ಎರಡೂ ಕಾಲಿಗೆ ಹಾಕಿ ನಿಂತು ನೋಡಿದೆ. ಬೆರಳ ಮುಂದೆ ಅರ್ಧ ಅಂಗುಲ ಜಾಗವಿತ್ತು. ಕೈಯಲ್ಲಿ ಬಗ್ಗಿಸಿದೆ; ನಡುವೆ ಮಡಿಸಿಕೊಳ್ಳದೆ ಬೆರಳ ಬುಡದಲ್ಲೇ ಬಾಗಿತು. ಹಿಂಬದಿ ಗಟ್ಟಿಯಾಗಿತ್ತು. ಲೇಸಿನ ಬದಲು ಎಲಾಸ್ಟಿಕ್. ಬಣ್ಣ ಮಾತ್ರ ಬೂದಿ. ಮಗಳು ಮೂಗು ಮುರಿದಳು. ಮುರಿಯಲಿ, ಮಳೆಗಾಲದ ಕೆಸರು ತೊಳೆಯುವವಳು ನಾನು.

ಸೀರೆಗೆ ಒಪ್ಪುವ ರವಿಕೆ ಬಟ್ಟೆಗಾಗಿ ಎಷ್ಟು ಅಂಗಡಿ ಅಲೆದಿದ್ದೇನೋ ಲೆಕ್ಕವಿಲ್ಲ. ಅಲೆದ ಕಾಲಿಗೆ ಏನು ಒಪ್ಪುತ್ತದೆಂದು ಕೇಳಿದ್ದು ಮಾತ್ರ ಇದೇ ಮೊದಲು.