ನಿಡಘಟ್ಟದಲ್ಲಿ ಕ್ಯಾಸೆಟ್ ತಿರುಗಿಸಬೇಕು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾಗದಪತ್ರಗಳಲ್ಲಿ ನಮ್ಮೂರಿನ ಹೆಸರು ಎರಡು ಕಡೆ ಬರುತ್ತದೆ. ಮೊದಲ ಪ್ಯಾಕೇಜು ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿ.ಮೀ. ಎರಡನೆಯದು ನಿಡಘಟ್ಟದಿಂದ ಮೈಸೂರಿನವರೆಗೆ 61 ಕಿ.ಮೀ. ಕಾರಿನವರು ಗಂಟೆಗೆ 100 ಕಿ.ಮೀ. ಮಿತಿಯಲ್ಲಿ ಹೋದರೆ ಮೊದಲರ್ಧಕ್ಕೆ ಸುಮಾರು 34 ನಿಮಿಷ, ಎರಡನೆಯದಕ್ಕೆ 37 ನಿಮಿಷ ಸಾಕು. ಕ್ಯಾಸೆಟ್ ಕಾಲದಲ್ಲಿ ಬೆಳೆದವರಿಗೆ ಈ ಲೆಕ್ಕ ಹೇಳಿದರೆ ಮುಂದಿನದ್ದನ್ನು ಹೇಳಬೇಕಾಗಿಯೇ ಇಲ್ಲ. 60 ನಿಮಿಷದ ಕ್ಯಾಸೆಟ್ಟಿನ ಒಂದೊಂದು ಮಗ್ಗುಲು 30 ನಿಮಿಷ. ಎ ಸೈಡ್ ಮುಗಿದ ಸ್ವಲ್ಪ ಹೊತ್ತಿಗೆ ಚನ್ನಪಟ್ಟಣ ದಾಟಿ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆ ಮುಗಿದು, ಮದ್ದೂರು ತಾಲ್ಲೂಕು ಶುರುವಾಗುವ ಜಾಗಕ್ಕೆ ಬಂದಿರುತ್ತೀರಿ. ಬಿ ಸೈಡ್ ಹಾಕಬೇಕಾದದ್ದು ಅಲ್ಲೇ. ಈ ದಾರಿಗೆಂದು ನಾನು ಹಾಡು ಜೋಡಿಸುವಾಗ ಇವತ್ತಿಗೂ ನಿಡಘಟ್ಟಕ್ಕೆ ಸರಿಯಾಗಿ ಒಂದು ಭಾಗ ಮುಗಿಯುವಂತೆ ನೋಡಿಕೊಳ್ಳುತ್ತೇನೆ. ಕ್ಯಾಸೆಟ್ ಹೋಗಿ ಫೋನ್ ಬಂದಿದ್ದರೂ ಈ ಪದ್ಧತಿ ಬಿಟ್ಟಿಲ್ಲ.

ಮಿಕ್ಸ್ ಮಾಡುವುದೆಂದರೆ ಇಷ್ಟದ ಹಾಡುಗಳನ್ನು ಒಂದು ಕಡೆ ಗುಡ್ಡೆ ಹಾಕುವುದಲ್ಲ. ಮದ್ದೂರಿನ ಪೇಟೆಬೀದಿಯ ಕ್ಯಾಸೆಟ್ ಅಂಗಡಿಗೆ ಹಿಂದೆ ಚೀಟಿ ಹಿಡಿದುಕೊಂಡು ಹೋಗುತ್ತಿದ್ದವರಿಗೆ ಇದು ಗೊತ್ತು. ಚೀಟಿಯಲ್ಲಿ ಹಾಡುಗಳ ಹೆಸರು ಬರೆದುಕೊಟ್ಟರೆ ಅಂಗಡಿಯವರು ಪ್ರತಿ ಹಾಡಿನ ಎದುರು ನಿಮಿಷ ಗುರುತು ಹಾಕಿ ಕೂಡುತ್ತಿದ್ದರು. ಆರು ಹಾಡಿಗೆ 31 ನಿಮಿಷ ಆಯಿತೋ, ಕೊನೆಯ ಹಾಡು ಚರಣದ ನಡುವೆ ತುಂಡಾಗುತ್ತದೆ. ಟೇಪಿನ ಮೊದಲ ಕೆಲವು ಸೆಕೆಂಡು ಬರೀ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಏನೂ ದಾಖಲಾಗುವುದಿಲ್ಲ. ಅದನ್ನು ಪೆನ್ಸಿಲಿನಿಂದ ಸುತ್ತಿ ಮುಂದೆ ತಂದು, ಆಮೇಲೆ ರೆಕಾರ್ಡ್ ಗುಂಡಿ ಒತ್ತಬೇಕು. ಇಲ್ಲದಿದ್ದರೆ ಮೊದಲ ಹಾಡಿನ ಮೊದಲ ಅಕ್ಷರವೇ ಹೋಗುತ್ತದೆ. ಎರಡು ಹಾಡುಗಳ ನಡುವೆ ಎಷ್ಟು ಹೊತ್ತು ಮೌನ ಬಿಡಬೇಕೆಂಬುದೂ ಕೈಯ ಅಂದಾಜಿಗೆ ಬಿಟ್ಟ ವಿಷಯ. ದುಃಖದ ಹಾಡಿನ ನಂತರ ಸ್ವಲ್ಪ ಹೆಚ್ಚು, ಕುಣಿತದ ಹಾಡಿನ ನಂತರ ಉಸಿರೆಳೆಯುವಷ್ಟು ಸಾಕು.

ನನ್ನ ಕೆಲವು ಕಟ್ಟಳೆಗಳನ್ನು ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಒಳ್ಳೆಯ ಹಾಡನ್ನು ಮೊದಲಿಗೆ ಹಾಕಬಾರದು. ಕಿವಿ ಇನ್ನೂ ಊರಿನ ಗದ್ದಲದಲ್ಲೇ ಇರುತ್ತದೆ, ಆ ಹಾಡು ವ್ಯರ್ಥವಾಗುತ್ತದೆ. ಒಬ್ಬರೇ ಗಾಯಕರ ಎರಡು ಹಾಡು ಬೆನ್ನುಬೆನ್ನಿಗೆ ಬರಬಾರದು, ಅವರು ಎಸ್‌ಪಿಬಿಯೇ ಆದರೂ. ಶೇಷಗಿರಿಹಳ್ಳಿ ಟೋಲ್ ಹತ್ತಿರ ಪಿಸುಮಾತಿನಂಥ ಹಾಡು ಸಲ್ಲದು, ಅಲ್ಲಿ ಗಾಜು ಇಳಿಯುತ್ತದೆ, ಲಾರಿಯ ಹಾರನ್ನು ಒಳಗೆ ಬರುತ್ತದೆ. ಇನ್ನೊಂದು ಮಾತು ನಡೆಗೆ ಸಂಬಂಧಿಸಿದ್ದು. ನಮ್ಮ ಸೀಮೆಯ ತಮಟೆ, ನಗಾರಿ, ಕಂಸಾಳೆಗಳದ್ದು ಬಹುಪಾಲು ತಿಶ್ರ ನಡೆ, ಆರ್ಕೆಸ್ಟ್ರಾದವರ ಮಾತಿನಲ್ಲಿ ‘ಸಿಕ್ಸ್ ಏಯ್ಟ್’. ಡಿಜೆಗಳ ಪೆಟ್ಟಿಗೆಯಲ್ಲಿರುವ ಪಾಶ್ಚಾತ್ಯ ಕುಣಿತದ ತಾಳವೆಲ್ಲ ನಾಲ್ಕರ ಲೆಕ್ಕದ್ದು. ಗಣೇಶನ ಮೆರವಣಿಗೆಯಲ್ಲಿ ಜಾನಪದ ಹಾಡಿನ ಅಡಿಗೆ ಆ ನಾಲ್ಕರ ಬೀಟನ್ನು ಬಲವಂತವಾಗಿ ತಳ್ಳಿದಾಗ ಏನಾಗುತ್ತದೆ ನೋಡಿ. ಹಾಡಿನ ಮಾತುಗಳು ಎಡವುತ್ತವೆ, ಕುಣಿಯುವವರ ಕಾಲು ಎರಡು ಕಡೆ ಎಳೆಯುತ್ತದೆ. ಜಾಣ ಡಿಜೆ ಆದವನು ತಿಶ್ರದಿಂದ ಚತುರಶ್ರಕ್ಕೆ ಹೋಗುವ ಮುಂಚೆ ಎರಡು ಸುತ್ತು ಬರೀ ತಮಟೆ ಬಿಡುತ್ತಾನೆ, ಕಾಲಿಗೆ ತಿರುಗಲು ಸಮಯ ಕೊಡುತ್ತಾನೆ. ಅಂಥವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಅವರ ಮುಂದೆ ಕುಣಿದ ಹುಡುಗರು ಬೆಳಗಿನ ಜಾವದವರೆಗೂ ಮನೆಗೆ ಹೋಗುವುದಿಲ್ಲ.

ಎ ಸೈಡಿಗೆ ನಾನು ಪಟ್ಟಣದ ಹಾಡುಗಳನ್ನು ಇಡುತ್ತೇನೆ. ಹಂಸಲೇಖ ಅವರ 1987ರ ‘ಪ್ರೇಮಲೋಕ’ದಿಂದ ಒಂದು, ಮನೋಮೂರ್ತಿಯವರ ‘ಮುಂಗಾರು ಮಳೆ’ಯಿಂದ ಒಂದು, ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಿಂದ ಒಂದು. ಚರಣ್ ರಾಜ್ ಅವರದ್ದು ಇರಲೇಬೇಕು. ಅವರು ಸಂಗೀತ ಕೊಟ್ಟ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಸಿನಿಮಾಗಳಾಗಿ ಬಂತು. ಸೆಪ್ಟೆಂಬರಿನಲ್ಲಿ ‘ಸೈಡ್ ಎ’, ನವೆಂಬರಿನಲ್ಲಿ ‘ಸೈಡ್ ಬಿ’. ನಿರ್ದೇಶಕ ಹೇಮಂತ್ ರಾವ್ ಕ್ಯಾಸೆಟ್ಟಿನ ಹೆಸರನ್ನಷ್ಟೇ ತೆಗೆದುಕೊಂಡು ಸುಮ್ಮನಾಗಲಿಲ್ಲ. ಜೈಲಿನಲ್ಲಿರುವ ನಾಯಕ ಮನುವಿಗೆ ನಾಯಕಿ ಪ್ರಿಯಾಳ ದನಿ ತಲುಪುವುದೂ ಕ್ಯಾಸೆಟ್ಟಿನಲ್ಲೇ. ಎರಡು ಭಾಗಗಳ ಸಂಗೀತವನ್ನು ಒಂದಾದ ಮೇಲೊಂದು ಕೇಳಿದರೆ ಒಬ್ಬ ಸಂಗೀತ ನಿರ್ದೇಶಕ ಮಗ್ಗುಲು ಬದಲಿಸುವುದೆಂದರೇನೆಂದು ತಿಳಿಯುತ್ತದೆ. ಮೊದಲನೆಯದರಲ್ಲಿ ಕಡಲಿನ ಕಡೆಗೆ ಚಾಚಿಕೊಂಡ ರಾಗಗಳು, ಎರಡನೆಯದರಲ್ಲಿ ಊರಿನ ಕತ್ತಲು, ಒರಟು ದನಿ. ನಮ್ಮ ಕಾಲದ ಕನ್ನಡ ಸಿನಿಮಾ ಸಂಗೀತದಲ್ಲಿ ಇದಕ್ಕಿಂತ ಯೋಚಿಸಿ ಮಾಡಿದ ಕೆಲಸ ನನಗೆ ಕಂಡಿಲ್ಲ.

ನಿಡಘಟ್ಟ ದಾಟಿದ ಮೇಲೆ ಶಿಂಷೆ, ಆಮೇಲೆ ನಾಲೆಯ ನೀರು, ಕಬ್ಬು, ಭತ್ತ. ಬಿ ಸೈಡಿನಲ್ಲಿ ಜಾನಪದ ಬರಬೇಕು. ಇಲ್ಲಿಂದ ದಕ್ಷಿಣಕ್ಕೆ ಮಳವಳ್ಳಿ ತಾಲ್ಲೂಕು, ಮಂಟೇಸ್ವಾಮಿಯ ಬೊಪ್ಪೇಗೌಡನಪುರ. ತಂಬೂರಿ, ಗಗ್ಗರ, ಡಕ್ಕಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರ ಸೀಮೆ ಇದು. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆ ಹೇಳುವ ದೇವರಗುಡ್ಡರೂ ಇಲ್ಲಿನವರೇ. ಈ ಹಾಡುಗಳು ಸಿನಿಮಾಕ್ಕೆ ಹೋದ ಬಗೆಯನ್ನು ಎರಡು ಹಾಡಿನಲ್ಲಿ ಕೇಳಿಸಬಹುದು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ’ ಒಂದು. ಆ ಹಾಡಿಗೆ ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಇನ್ನೊಂದು ‘ಸೋಜುಗದ ಸೂಜುಮಲ್ಲಿಗೆ’. ಮಾದಪ್ಪನ ಆ ಹಾಡನ್ನು ಅನನ್ಯ ಭಟ್ ದೇಶಕ್ಕೆಲ್ಲ ಕೇಳಿಸಿದರು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರಕ್ಕೆ ಚೈತ್ರಾ ಆಚಾರ್ ಹಾಡಿದರು. ಮಂಗಳೂರಿನ ರೌಡಿಗಳ ಕಥೆಯ ನಡುವೆ ಮಲೆ ಮಹದೇಶ್ವರನ ಹಾಡು ನಿಂತಾಗ ಚಿತ್ರಮಂದಿರದಲ್ಲಿ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅದೇ ಚೈತ್ರಾ ಮುಂದೆ ‘ಸೈಡ್ ಬಿ’ಯಲ್ಲಿ ನಟಿಸಿದರು. ಶಾಸ್ತ್ರಿಯವರ ಹಾಡಿನಿಂದ ಚೈತ್ರಾರ ಹಾಡಿಗೆ ದಾಟುವಾಗ ನಡುವಿನ 25 ವರ್ಷ ಕಿವಿಗೆ ಕೇಳುತ್ತದೆ. ಮೊದಲನೆಯದರಲ್ಲಿ ಮೇಳದ ಗುಂಪು ದನಿ, ಎರಡನೆಯದರಲ್ಲಿ ಒಂಟಿ ದನಿ ಮತ್ತು ಅದರ ಸುತ್ತಲಿನ ಬಯಲು. ಒಮ್ಮೆ ನನ್ನ ಜೊತೆ ಬಂದಿದ್ದ ಹುಡುಗ, “ಅಣ್ಣ, ಹಳೇದು ಬುಡಣ್ಣ, ಹೊಸದ್ ಹಾಕು” ಅಂದ. ಎರಡನ್ನೂ ಒಟ್ಟಿಗೆ ಕೇಳಿಸಿದೆ. ಮದ್ದೂರು ಮೇಲ್ಸೇತುವೆ ದಾಟುವಷ್ಟರಲ್ಲಿ, “ಇನ್ನೊಂದ್ಸಲ ಹಾಕಣ್ಣ” ಅಂದ.

ಹೀಗೆ ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳುವ ಅಭ್ಯಾಸ ಇರುವವರಿಗೆ ಪ್ರಶಸ್ತಿ ಯಾರಿಗೆ ಬರುತ್ತದೆಂದು ಊಹಿಸುವ ಗೀಳೂ ಅಂಟಿಕೊಳ್ಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ಊಹಿಸಬೇಕೆಂದರೆ ಆ ವರ್ಷದ ಹಾಡುಗಳನ್ನೆಲ್ಲ ಕೇಳಬೇಕು, ತೀರ್ಪುಗಾರರ ಕಿವಿ ಎಂಥದೆಂದು ತಿಳಿದಿರಬೇಕು. ರಾಷ್ಟ್ರಪ್ರಶಸ್ತಿಯ ಕಿವಿ ಎಂಥದು? ಕನ್ನಡ ಸಿನಿಮಾದ ಹಾಡಿಗೆ ಬಂದ ಗಾಯನ ಪ್ರಶಸ್ತಿಗಳನ್ನೇ ನೋಡಿ. 1975ರ ಸಾಲಿಗೆ ‘ಹಂಸಗೀತೆ’ಗಾಗಿ ಬಾಲಮುರಳಿಕೃಷ್ಣ. 1978ರ ಸಾಲಿಗೆ ‘ಕಾಡು ಕುದುರೆ’ಗಾಗಿ ಶಿವಮೊಗ್ಗ ಸುಬ್ಬಣ್ಣ. 1992ಕ್ಕೆ ‘ಜೀವನ ಚೈತ್ರ’ದ ‘ನಾದಮಯ’ಕ್ಕಾಗಿ ಡಾ. ರಾಜ್‌ಕುಮಾರ್. 1995ಕ್ಕೆ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದೇ ಚಿತ್ರಕ್ಕೆ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ ಪ್ರಶಸ್ತಿಯೂ ಬಂತು. 2018ರ ಸಾಲಿಗೆ ‘ನಾತಿಚರಾಮಿ’ಗಾಗಿ ಬಿಂದುಮಾಲಿನಿ. ರಾಗದ ಆಳಕ್ಕೆ ಇಳಿದ ಹಾಡು, ಇಲ್ಲವೇ ಕವಿಯ ಕೈಯಿಂದ ಬಂದ ಹಾಡು. ಪ್ರೀತಿಯಲ್ಲಿ ಬಿದ್ದ ಹುಡುಗ ಮಳೆಯಲ್ಲಿ ಹಾಡಿದ ಹಾಡಿಗೆ ಇಲ್ಲಿ ಜಾಗ ಸಿಕ್ಕಿಲ್ಲ, ಕುಣಿಸಿದ ಹಾಡಿಗಂತೂ ಇಲ್ಲವೇ ಇಲ್ಲ. ಎಸ್‌ಪಿಬಿ ಕನ್ನಡದಲ್ಲಿ ಹಾಡಿದ ಸಾವಿರಾರು ಹಾಡುಗಳ ನಡುವೆ ಪ್ರಶಸ್ತಿ ತಂದುಕೊಟ್ಟದ್ದು ಒಂದು ಹಿಂದೂಸ್ತಾನಿ ಬಂದಿಶ್. ಅದರ ಸಾಹಿತ್ಯ ಕನ್ನಡದ್ದೂ ಅಲ್ಲ. ಆ ಹಾಡು ಪ್ರಶಸ್ತಿಗೆ ಯೋಗ್ಯವೇ, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಜನ ಮನೆಮನೆಯಲ್ಲಿ ಹಾಡಿಕೊಂಡ ಎಸ್‌ಪಿಬಿ ಬೇರೆಯೇ ಇದ್ದಾರೆ.

ಈ ಕಿವಿಯ ಸ್ವಭಾವ ಇನ್ನೂ ಸ್ಪಷ್ಟವಾಗಿ ಕಂಡದ್ದು 2023ರಲ್ಲಿ. ಆ ವರ್ಷದ ಮಾರ್ಚ್ 12ರ ಭಾನುವಾರ ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಈ ಹೆದ್ದಾರಿಯನ್ನು ಉದ್ಘಾಟಿಸಿದರು. ಮಾರನೆಯ ಬೆಳಗ್ಗೆ ಲಾಸ್ ಏಂಜಲೀಸಿನಿಂದ ‘ನಾಟು ನಾಟು’ವಿಗೆ ಆಸ್ಕರ್ ಬಂದ ಸುದ್ದಿ. ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಂದಾಗಲೇ ಇದನ್ನು ಊಹಿಸಬಹುದಿತ್ತು, ಊಹಿಸಿದವರು ಬಹಳ ಮಂದಿ. ನಾನು ಹಿಗ್ಗಿದ್ದು ತಾಳಕ್ಕೆ. ಕೀರವಾಣಿಯವರು ಆ ಹಾಡು ಕಟ್ಟಿದ್ದು ನಮ್ಮ ತಮಟೆಯವರ ಅದೇ ಸಿಕ್ಸ್ ಏಯ್ಟ್‌ನಲ್ಲಿ. ಹಬ್ಬದ ಬೀದಿಯ ನಡೆ ಆಸ್ಕರ್ ವೇದಿಕೆ ಹತ್ತಿತು. ಅದೇ ಆಗಸ್ಟಿನಲ್ಲಿ ರಾಷ್ಟ್ರಪ್ರಶಸ್ತಿ ಪ್ರಕಟವಾಯಿತು. ‘ನಾಟು ನಾಟು’ ಹಾಡಿದ ಇಬ್ಬರಲ್ಲಿ ಒಬ್ಬರಾದ ಕಾಲಭೈರವ ಅವರಿಗೇ ಗಾಯನ ಪ್ರಶಸ್ತಿ ಬಂತು. ಆದರೆ ಅದು ‘ಆರ್‌ಆರ್‌ಆರ್’ ಚಿತ್ರದ ಇನ್ನೊಂದು ಹಾಡಿಗೆ, ಕೊಮುರಂ ಭೀಮನ ನೋವಿನ ಹಾಡಿಗೆ. ‘ನಾಟು ನಾಟು’ವಿಗೆ ನೃತ್ಯ ಸಂಯೋಜನೆಯ ಪ್ರಶಸ್ತಿ ಕೊಟ್ಟರು. ಕುಣಿತದ ಹಾಡಿನಲ್ಲಿ ಗಾಯಕನಿಗೆ ಶ್ರಮವಿಲ್ಲ ಎಂಬ ಎಣಿಕೆ ನಮ್ಮ ತೀರ್ಪುಗಾರರಲ್ಲಿ ಬೇರೂರಿದೆ. ಇದು ಸರಿಯಲ್ಲ. ಆ ವೇಗದಲ್ಲಿ ಒಂದು ಅಕ್ಷರವೂ ಜಾರದಂತೆ, ಉಸಿರಿನ ಸದ್ದು ಕೇಳಿಸದಂತೆ ಹಾಡುವುದು ಆಲಾಪದಷ್ಟೇ ಕಷ್ಟದ ವಿದ್ಯೆ.

ಫಿಲ್ಮ್‌ಫೇರ್ ಊಹಿಸುವುದು ಸುಲಭ. 2023ರ ಚಿತ್ರಗಳಿಗೆ ಕೊಡುವಾಗ ಕನ್ನಡದ ಸಂಗೀತ ಪ್ರಶಸ್ತಿ ಚರಣ್ ರಾಜ್ ಅವರಿಗೇ ಬಂತು, ಬೇರೆ ಯಾರಿಗೆ ಹೋಗಿದ್ದರೂ ಅನ್ಯಾಯವಾಗುತ್ತಿತ್ತು. ಗ್ರ್ಯಾಮಿಯಲ್ಲಿ ನಮ್ಮವರ ಲೆಕ್ಕವೆಂದರೆ ಬೆಂಗಳೂರಿನ ರಿಕಿ ಕೇಜ್. 2015ರಲ್ಲಿ ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ, 2022 ಮತ್ತು 2023ರಲ್ಲಿ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ ಗೆದ್ದವರು. 2025ರಲ್ಲಿ ಅವರ ಹೆಸರು ಮತ್ತೆ ನ್ಯೂ ಏಜ್ ವಿಭಾಗದ ಪಟ್ಟಿಯಲ್ಲಿತ್ತು. ಪ್ರಶಸ್ತಿ ಹೋದದ್ದು ಚಂದ್ರಿಕಾ ಟಂಡನ್ ಅವರ ‘ತ್ರಿವೇಣಿ’ಗೆ, ಆ ಆಲ್ಬಮ್ಮಿನ ಜೊತೆಗಾರರಲ್ಲಿ ಒಬ್ಬರು ಅದೇ ಕೆಲ್ಲರ್‌ಮನ್. ಅಲ್ಲಿ ಮತ ಹಾಕುವವರು ಸಂಗೀತದ ಕಸುಬಿನವರೇ. ಯಾರು ಯಾರ ಜೊತೆ ಕೂತು ನುಡಿಸಿದ್ದಾರೆಂದು ನೋಡಿಕೊಂಡರೆ ಊಹೆ ಅರ್ಧ ಸರಿಯಾಗುತ್ತದೆ.

ಊಹಿಸಲು ಬಾರದೇ ಇರುವುದು ನಮ್ಮದೇ ರಾಜ್ಯ ಪ್ರಶಸ್ತಿ. ಕಾರಣ ತೀರ್ಪುಗಾರರಲ್ಲ, ಕ್ಯಾಲೆಂಡರು. 2019ರ ಸಾಲಿನ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ‘ಯಜಮಾನ’ಕ್ಕೆ ಸಂಗೀತ ಪ್ರಶಸ್ತಿ ವಿ. ಹರಿಕೃಷ್ಣ ಅವರಿಗೆ, ‘ಲವ್ ಮಾಕ್ಟೇಲ್’ಗೆ ಗಾಯನ ಪ್ರಶಸ್ತಿ ರಘು ದೀಕ್ಷಿತ್ ಅವರಿಗೆ. ಆಯ್ಕೆಗಳು ಚೆನ್ನಾಗಿವೆ. ‘ಯಜಮಾನ’ದ ಹಾಡುಗಳು ನಮ್ಮೂರಿನ ಪ್ರತಿ ಟ್ರ್ಯಾಕ್ಟರಿನಲ್ಲೂ ಮೊಳಗಿದ್ದವು. ಆದರೆ ಪ್ರಶಸ್ತಿ ಬರುವ ಹೊತ್ತಿಗೆ ಹೆದ್ದಾರಿ ಕಟ್ಟಿ ಮುಗಿದು, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಟ್ರ್ಯಾಕ್ಟರುಗಳ ಪ್ರವೇಶವೇ ನಿಂತು, ಆ ಹಾಡುಗಳು ಸರ್ವಿಸ್ ರಸ್ತೆಗೆ ಇಳಿದು ಒಂದೂವರೆ ವರ್ಷವಾಗಿತ್ತು. ಹಾಡು ಊರಿನ ಬಾಯಲ್ಲಿರುವಾಗ ಕೊಟ್ಟ ಪ್ರಶಸ್ತಿಗೆ ಬೆಲೆ. ಹೊಸ ಗಾಯಕಿಗೆ ಮುಂದಿನ ಅವಕಾಶ ಸಿಗುವುದು ಆ ವರ್ಷದಲ್ಲಿ, ಆರನೇ ವರ್ಷದಲ್ಲಲ್ಲ.

ಇನ್ನೊಂದು ಕೊರತೆಯೂ ಇದೆ. ಚಂದನ್ ಶೆಟ್ಟಿ, ಆಲ್ ಓಕೆಯಂಥವರು ಸಿನಿಮಾದ ಹಂಗಿಲ್ಲದೆ ಕನ್ನಡದಲ್ಲಿ ರ್‍ಯಾಪ್, ಪಾಪ್ ಹಾಡುಗಳನ್ನು ಮಾಡಿ ಲಕ್ಷಾಂತರ ಹುಡುಗರನ್ನು ಕನ್ನಡದ ಕಡೆ ತಿರುಗಿಸಿದರು. ಸಿನಿಮಾ ಪ್ರಶಸ್ತಿಯ ಪಟ್ಟಿಯಲ್ಲಿ ಇಂಥ ಹಾಡಿಗೆ ಜಾಗವಿಲ್ಲ. ಸುಗಮ ಸಂಗೀತಕ್ಕೆ ಸರ್ಕಾರದ ಸಂತ ಶಿಶುನಾಳ ಶರೀಫ ಪ್ರಶಸ್ತಿ ಇದೆ, ಅದು ಜೀವಮಾನದ ಸಾಧನೆಯನ್ನು ನೋಡುವಂಥದ್ದು. ಇಪ್ಪತ್ತೆರಡರ ಹುಡುಗನೊಬ್ಬ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದ ಒಂದು ಒಳ್ಳೆಯ ಹಾಡಿಗೆ ಯಾವ ಬಾಗಿಲು? ವಾರ್ತಾ ಇಲಾಖೆಯವರೂ ಸಂಸ್ಕೃತಿ ಇಲಾಖೆಯವರೂ ಕೂತು ಯೋಚಿಸಲಿ. ಸಿನಿಮಾ ಪ್ರಶಸ್ತಿಯನ್ನು ಮರುವರ್ಷದ ಯುಗಾದಿಯೊಳಗೆ ಪ್ರಕಟಿಸಲಿ. ಸಿನಿಮಾದ ಹೊರಗಿನ ಹಾಡಿಗೂ, ಕುಣಿತದ ಹಾಡಿಗೂ ಒಂದೊಂದು ಪ್ರಶಸ್ತಿ ಇಡಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷ ಹೊರಬಂದ ಕನ್ನಡ ಹಾಡುಗಳಲ್ಲಿ ಹನ್ನೆರಡನ್ನು ಆರಿಸಿ, ಆರು ಎ ಸೈಡಿಗೆ, ಆರು ಬಿ ಸೈಡಿಗೆ. ಎರಡಾದರೂ ಸಿನಿಮಾದ ಹೊರಗಿನವಾಗಿರಲಿ. ಒಂದು ಮಗ್ಗುಲು 30 ನಿಮಿಷ ಮೀರಬಾರದು, ಯಾವ ಹಾಡಿನ ಹಿಂದೆ ಯಾವುದೆಂಬ ಕ್ರಮವೂ ಇರಬೇಕು. ಪ್ರಶಸ್ತಿ ಯಾವುದಕ್ಕೆ ಸಲ್ಲಬೇಕೋ ಅದರ ಎದುರು ಗುರುತು ಹಾಕಿ ಡಿಸೆಂಬರ್ 31ರೊಳಗೆ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಬಂದ ಪಟ್ಟಿಗಳನ್ನೆಲ್ಲ ಕೇಳಿ, ಸಂಕ್ರಾಂತಿಯ ವಾರದ ಅಂಕಣದಲ್ಲಿ ನನ್ನ ತೀರ್ಪು ಬರೆಯುತ್ತೇನೆ.